ಮೂವತ್ತು ಮಣಿ

1996ರಲ್ಲಿ ಆಗುಂಬೆ ಕಡೆಯಿಂದ ಶಿವಮೊಗ್ಗಕ್ಕೆ ಪಿಯುಸಿ ಓದಲು ಬಂದಾಗ ನನಗೆ ಓಟದ ಬಗ್ಗೆ ಇದ್ದದ್ದು ಬರೀ ಜಂಬ. ದಿನಾ ಬಸ್ಸಿಗೆಂದು ಗುಡ್ಡ ಹತ್ತಿ ಇಳಿದವನಿಗೆ ಐದು ಸಾವಿರ ಮೀಟರ್ ಯಾವ ಲೆಕ್ಕ? ಆ ವರ್ಷದ ಕಾಲೇಜು ಕ್ರೀಡಾಕೂಟದಲ್ಲಿ ಮೊದಲ ಸುತ್ತಿಗೇ ಎಲ್ಲರನ್ನೂ ಹಿಂದೆ ಹಾಕಿದೆ. ಏಳನೇ ಸುತ್ತಿಗೆ ಪಕ್ಕೆ ಹಿಡಿಯಿತು, ಲಾಂಗ್ ಜಂಪ್ ಮರಳಿನ ಮೇಲೆ ಕೂತುಬಿಟ್ಟೆ. ಆಮೇಲೆ ಎದ್ದದ್ದು ಬಹುಮಾನ ವಿತರಣೆಗೆ ಕುರ್ಚಿ ಜೋಡಿಸಲಿಕ್ಕೆ.

ಮಾರನೇ ದಿನ ಗಣಿತದ ಸಿಸ್ಟರ್ ತಡೆದು ಕೇಳಿದರು: "ನಿನ್ನೆ ಓಟ ಮುಗೀಲಿಲ್ಲವಲ್ಲ, ಯಾವಾಗ ಮುಗಿಸ್ತೀಯ?"

ಬೈಗುಳಕ್ಕೆ ಸಿದ್ಧನಾಗಿದ್ದವನಿಗೆ ಇದಕ್ಕೆ ಉತ್ತರ ತೋಚಲಿಲ್ಲ.

ಬೆಳಿಗ್ಗೆ ಆರಕ್ಕೆ ಅವರು ಜಗಲಿಯಲ್ಲಿ ಹಾಜರು. ಒಂದು ಕೈಯಲ್ಲಿ ಕಪ್ಪು ಕೊಡೆ, ಇನ್ನೊಂದರಲ್ಲಿ ಮರದ ಮಣಿಯ ಜಪಸರ. ನಾನೊಂದು ಸುತ್ತು ಬಂದರೆ ಅವರ ಬೆರಳಲ್ಲಿ ಒಂದು ಮಣಿ ಸರಿಯುತ್ತಿತ್ತು. ನಮ್ಮ ಮೈದಾನದ ಸುತ್ತು 200 ಮೀಟರ್, ಹಾಗಾಗಿ 5000 ಮೀಟರಿಗೆ 25 ಸುತ್ತು ಸಾಕು. ಆದರೆ ಜಪಸರದಲ್ಲಿ ಮಣಿ ಇರುವುದು ಹತ್ತು ಹತ್ತಾಗಿ. "ಮೂರನೇ ಹತ್ತನ್ನು ಅರ್ಧಕ್ಕೆ ಬಿಡೋ ಹಾಗಿಲ್ಲ" ಅಂದರು. ಹೀಗೆ ನನ್ನ ಓಟ ಆರು ಕಿಲೋಮೀಟರ್ ಆಯಿತು. ಗಣಿತದವರ ಜೊತೆ ವಾದ ಮಾಡುವುದು ಹೇಗೆ?

ಮೊದಲ ವಾರಗಳಲ್ಲಿ ಅರ್ಧಕ್ಕರ್ಧ ನಡಿಗೆಯೇ. "ಓಡೋಕಾಗದಿದ್ದರೆ ನಡಿ, ಮಣಿಗೆ ಗೊತ್ತಾಗಲ್ಲ" ಅನ್ನುತ್ತಿದ್ದರು. ಯೆಶಾಯನ ಗ್ರಂಥದ 'ಓಡಿ ದಣಿಯರು, ನಡೆದು ಬಳಲರು' ಅನ್ನುವ ಮಾತನ್ನು ಮನೆಯಲ್ಲಿ ಎಷ್ಟು ಸಲ ಕೇಳಿದ್ದೆನೋ. ಅದರಲ್ಲಿ ನಡಿಗೆಗೂ ಜಾಗವಿದೆ ಅಂತ ಹೊಳೆದದ್ದು ಆ ಕೆಸರಿನಲ್ಲಿ.

ಇನ್ನೊಂದು ಕಟ್ಟಳೆ ಇತ್ತು. ಜಗಲಿ ದಾಟುವಾಗ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಎಂದು ಶುರುಮಾಡಿ, ಅವರಿಗೆ ಕೇಳುವಷ್ಟು ದೂರ ಗಟ್ಟಿಯಾಗಿ ಹೇಳಬೇಕು. ಮಾತು ತುಂಡಾದರೆ "ನಿಧಾನ!" ಎಂಬ ಕೂಗು. ನಾನು ಪ್ರಾರ್ಥನೆ ತಪ್ಪಿಸುತ್ತೇನೆಂಬ ಅನುಮಾನಕ್ಕೇ ಈ ಉಪಾಯ ಅಂದುಕೊಂಡಿದ್ದೆ, ಅನುಮಾನ ಸುಳ್ಳೂ ಅಲ್ಲ. ಓಟದ ತರಬೇತಿಯಲ್ಲಿ ಇದಕ್ಕೆ ಟಾಕ್ ಟೆಸ್ಟ್ ಅನ್ನುತ್ತಾರೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಮಾತಾಡಲು ಉಸಿರು ಉಳಿಯುವ ವೇಗದಲ್ಲಿ ತಿಂಗಳುಗಟ್ಟಲೆ ಓಡಿದರೆ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳಲು ಕಲಿಯುತ್ತದೆ, ಸ್ನಾಯುಗಳಲ್ಲಿ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ. ಸಿಸ್ಟರಿಗೆ ಇದೆಲ್ಲ ಗೊತ್ತಿತ್ತೋ ಇಲ್ಲವೋ, ಕೇಳುವ ಬುದ್ಧಿ ನನಗೆ ಆಗ ಬರಲಿಲ್ಲ.

ಎರಿಕ್ ಲಿಡೆಲ್ ಕತೆ ಹೇಳಿದವರೂ ಅವರೇ. 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಭಾನುವಾರ ಓಡುವುದಿಲ್ಲವೆಂದು 100 ಮೀಟರ್ ಬಿಟ್ಟು, 400 ಮೀಟರನ್ನು 47.6 ಸೆಕೆಂಡಿನಲ್ಲಿ ಗೆದ್ದವನು. ನಾನು ಹಿಡಿದುಕೊಂಡದ್ದು ಭಾನುವಾರದ ಭಾಗವನ್ನು ಮಾತ್ರ. ರಜೆ ಕೇಳಿದೆ, ಸಿಕ್ಕಿತು. ಕಾಲಿಗೂ ಅದು ಬೇಕಿತ್ತು.

ಮುಂದಿನ ಮಳೆಗಾಲದಲ್ಲಿ ತುಂಗೆಯ ಮಂಟಪ ಮುಳುಗಿತೆಂದು ಊರೆಲ್ಲ ನೋಡಲು ಹೋದ ದಿನವೂ ಮೂವತ್ತು ಮಣಿ ಸರಿದವು. ಕೊಡೆ ಗಾಳಿಗೆ ಮೇಲ್ಮುಖವಾಗಿ ತಿರುಗಿಕೊಂಡರೂ ಅವರು ಒಳಗೆ ಹೋಗಲಿಲ್ಲ. ಸೀರೆಯ ಅಂಚು ಕೆಂಪು ಕೆಸರಿನಲ್ಲಿ ಅದ್ದಿ ತೆಗೆದಂತಿತ್ತು.

ಆ ವರ್ಷ ನೆಹರು ಕ್ರೀಡಾಂಗಣದಲ್ಲಿ ಜಿಲ್ಲಾ ಕೂಟ. ಅಲ್ಲಿ ಸುತ್ತು 400 ಮೀಟರ್, ಹನ್ನೆರಡೂವರೆ ಸುತ್ತಿಗೆ ಓಟ ಮುಗಿಯುತ್ತದೆ. ಆರನೆಯವನಾಗಿ ಗೆರೆ ದಾಟಿದೆ. ದಾಟಿದವನು ನಿಲ್ಲಲಿಲ್ಲ, ತುಟಿಯಲ್ಲಿ ಪ್ರಾರ್ಥನೆ, ಕಾಲು ಅದರ ಪಾಡಿಗೆ. ತಿರುವಿನಲ್ಲಿ ಅಧಿಕಾರಿಯೊಬ್ಬರು ತೋಳು ಹಿಡಿದು, "ಏ ಮಾರಾಯ, ಎಲ್ಲಿಗೆ? ಮುಗೀತು!" ಅಂದರು.

ಗ್ಯಾಲರಿಯ ಕಡೆ ನೋಡಿದೆ. ಕಪ್ಪು ಕೊಡೆಯ ಕೆಳಗೆ ಸಿಸ್ಟರ್ ಐದು ಬೆರಳು ಎತ್ತಿ ತೋರಿಸುತ್ತಿದ್ದರು: ಇನ್ನೂ ಐದು ಮಣಿ ಬಾಕಿ.