ಪರ್ವಾಗಿಲ್ಲ ಅಂದರೂ ಬಿಡದ ಬಾಟ್

ನಮ್ಮನೆ ಟೆಲಿಗ್ರಾಮ್ ಬಾಟ್, ಅಂದರೆ ಮೆಸೇಜಿಗೆ ತಾನೇ ಉತ್ತರ ಕೊಡೋ ಪ್ರೋಗ್ರಾಮ್, ಕೊನೆಗೂ ಬಾಯಿ ಮುಚ್ಚಿಕೊಳ್ಳುವುದನ್ನು ಕಲಿತಿದೆ. ಅದನ್ನು ನಾನೇ ಬರೆದು, ರಾಸ್ಪ್ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಮೇಲೆ ಕೂರಿಸಿದ್ದೇನೆ.

ಪ್ರಿಂಟರ್, ವೈಫೈ, ಟಿವಿ ಕೈಕೊಟ್ಟರೆ ಮನೆಮಂದಿ ನನಗೆ ಫೋನ್ ಮಾಡೋ ಬದಲು ಇದಕ್ಕೆ ಟೈಪ್ ಮಾಡಲಿ ಅನ್ನೋದು ನನ್ನ ಲೆಕ್ಕ. ನಾನು ನೋಡಿದ ಟ್ಯುಟೋರಿಯಲ್‌ಗಳೆಲ್ಲ ‘ಹೇಗೆ’, ‘ಸಹಾಯ ಮಾಡಿ’ ಥರದ ಮಾತು ಹುಡುಕು ಅನ್ನುತ್ತವೆ. ನಮ್ಮವರು ಹಾಗೆ ಬರೆದರೆ ತಾನೆ? ‘ಪ್ರಿಂಟ್ ಬರ್ತಿಲ್ಲ.’ ‘ನೆಟ್ ಇಲ್ವಲ್ಲೋ ಮತ್ತೆ.’ ‘ಟಿವಿ ಯಾಕೋ ಆನೇ ಆಗ್ತಿಲ್ಲ ನೋಡು.’ ಕೇಳುವುದಿಲ್ಲ, ದೂರು ಒಪ್ಪಿಸುತ್ತಾರೆ. ಮಿಕ್ಕಿದ್ದು ಕೇಳಿಸಿಕೊಂಡವನ ಪಾಡು.

ಹಾಗಾಗಿ ‘ಇಲ್ಲ’ವನ್ನೇ ಹಿಡಿಯಬೇಕು. ಅದೋ ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡಿರುತ್ತದೆ. ಕನ್ನಡ ಲಿಪಿಯಾದರೆ ಒಂದೇ ಅಕ್ಷರದ ಬೇರೆ ಬೇರೆ ಕೋಡ್ ರೂಪಗಳನ್ನು ಒಂದಾಗಿಸುವ ಎನ್‌ಎಫ್‌ಸಿ ಮಾಡಿ, ಅಕ್ಷರ ಕೂಡಿಕೊಳ್ಳದಂತೆ ತಡೆಯುವ, ಕಣ್ಣಿಗೆ ಕಾಣದ ಝಡ್‌ಡಬ್ಲ್ಯುಎನ್‌ಜೆ ಕಿತ್ತು ಹಾಕಿ ಬಾಲ ನೋಡಿದರಾಯ್ತು. ಇಂಗ್ಲಿಷ್ ಅಕ್ಷರದಲ್ಲಿ ಒಬ್ಬರು ಟಿ ಪಕ್ಕ ಎಚ್ ಸೇರಿಸುತ್ತಾರೆ, ಇನ್ನೊಬ್ಬರು ಒಂದೇ ಎಲ್‌ನಲ್ಲಿ ಮುಗಿಸುತ್ತಾರೆ. ಜೋಡಿ ಅಕ್ಷರವನ್ನೆಲ್ಲ ಒಂದು ಮಾಡಿದೆ, ಎಚ್ ತೆಗೆದೆ. ಈಗ ಹಾಲೂ ಹಲ್ಲೂ ಒಂದೇ. ಇರಲಿ, ಪ್ರಿಂಟರ್‌ಗೆ ಹಲ್ಲುನೋವು ಬರಲ್ಲ.

ಆಮೇಲೆ ಶುರುವಾಯ್ತು ನೋಡಿ. ಚಿಕ್ಕಪ್ಪ: ‘ಪರ್ವಾಗಿಲ್ಲ ಬಿಡು, ಅಂಗಡೀಲಿ ತೆಗೆಸ್ತೀನಿ.’ ಬಾಟ್‌ಗೆ ಕಂಡಿದ್ದು ‘ಆಗಿಲ್ಲ’ ಮಾತ್ರ. ‘ಪ್ರಿಂಟರ್ ಆಫ್ ಮಾಡಿ ಆನ್ ಮಾಡಿ.’ ಚಿಕ್ಕಪ್ಪ: ‘ಬೇಕಾಗಿಲ್ಲ ಮಾರಾಯ.’ ಮತ್ತದೇ ಬಾಲ. ‘ಕೇಬಲ್ ಸರಿಯಾಗಿ ಸಿಕ್ಕಿಸಿದ್ದೀರಾ?’ ಕೊನೆಗೆ ಫೋನ್ ಬಂದಿದ್ದು ನನಗೇ.

ದಾರಿ ತೋರಿಸಿದ್ದು ಮಾತಿಗೆ ಮಾತು ಕೊಡುತ್ತಿದ್ದ ಹಳೇ ಪ್ರೋಗ್ರಾಮ್ ಎಲೈಜಾ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜೆನ್‌ಬಾಮ್ 1966ರಲ್ಲಿ ಪ್ರಕಟಿಸಿದ ಆ ಪ್ರೋಗ್ರಾಮಿನಲ್ಲಿ ಕೀವರ್ಡ್‌ಗಳಿಗೆ ದರ್ಜೆ ಇತ್ತು, ದೊಡ್ಡ ದರ್ಜೆಯದ್ದಕ್ಕೆ ಮೊದಲ ಮಣೆ. ‘ಪರ್ವಾಗಿಲ್ಲ’, ‘ಬೇಕಾಗಿಲ್ಲ’, ‘ತೊಂದ್ರೆ ಇಲ್ಲ’ ಮೂರನ್ನೂ ಎಲ್ಲಕ್ಕಿಂತ ಮೇಲೆ ಕೂರಿಸಿದೆ. ಬಾಟ್ ಈಗ ‘ಸರಿ’ ಅಂದು ಸುಮ್ಮನಾಗುತ್ತದೆ.

ಮಧ್ಯೆ ಪೈ ಸುಮ್ ಸುಮ್ನೆ ರೀಬೂಟ್ ಆಗುತ್ತಿತ್ತು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿನಲ್ಲಿ ತಂದ ಅಡಾಪ್ಟರ್ ಮೇಲೆ 5 ವೋಲ್ಟ್ 3 ಆಂಪ್ ಅಂತ ಅಚ್ಚಿದೆ. ಅಚ್ಚು ಮಾತ್ರ ಚೆನ್ನಾಗಿದೆ. ಸ್ಕ್ರೀನ್ ಮೂಲೆಯಲ್ಲಿ ‘ವೋಲ್ಟೇಜ್ ಸಾಲದು’ ಅನ್ನೋ ಮಿಂಚಿನ ಗುರುತು ಹೋಗುವುದೇ ಇಲ್ಲ. ಅಂಗಡಿಯವರು ‘ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ವಲ್ಲ ಸರ್’ ಅಂದರು. ನೋಡಿ, ಅಲ್ಲೂ ಬಾಲದಲ್ಲೇ ‘ಇಲ್ಲ’.

ಮುಂದಿನ ಕೆಲಸ ಬೇರೆಯೇ ಇದೆ. ಚಿಕ್ಕಪ್ಪ ‘ನುಡಿ’ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫೈಲಿಂದ ಪೇಸ್ಟ್ ಮಾಡಿದ್ದು ಇಲ್ಲಿ ಬರೀ ಇಂಗ್ಲಿಷ್ ಕಸವಾಗಿ ಬಂದು ಬೀಳುತ್ತಿದೆ. ಅದನ್ನು ಎಲ್ಲ ಕಡೆ ಓದಿಸಿಕೊಳ್ಳುವ ಯೂನಿಕೋಡ್ ಮಾಡುವ ಪರಿವರ್ತಕ ಬರೀಬೇಕು, ಒತ್ತಕ್ಷರದ ಟೇಬಲ್ ಅರ್ಧ ಆಗಿದೆ. ಅಷ್ಟರಲ್ಲಿ ಚಿಕ್ಕಪ್ಪನಿಂದ ‘ಪರ್ವಾಗಿಲ್ಲ ಅಂದಿದ್ದೆ, ಆದ್ರೆ ಈಗ್ಲೂ ಪ್ರಿಂಟ್ ಬರ್ತಿಲ್ಲ’ ಅಂತ ಬಂದಿದೆ. ಬಾಟ್ ‘ಸರಿ’ ಅಂದಿದೆ.