ತುಂತುರು ಬಿಟ್ಟ ಮಧ್ಯಾಹ್ನ

17 ಏಪ್ರಿಲ್ 2025, ಗುರುವಾರ

ಮಧ್ಯಾಹ್ನ ಒಂದೂವರೆ. ನೆರಳಲ್ಲಿ ನೇತುಹಾಕಿದ ಥರ್ಮಾಮೀಟರ್ 38 ಡಿಗ್ರಿ ತೋರಿಸುತ್ತಿತ್ತು. ಟೊಮೇಟೊ ಗಿಡಗಳ ಎಲೆಗಳೆಲ್ಲ ಜೋತುಬಿದ್ದಿದ್ದವು. ಮಣ್ಣಿಗೆ ಬೆರಳು ಇಳಿಸಿ ನೋಡಿದೆ. ಎರಡು ಗೆಣ್ಣಿನಷ್ಟು ಕೆಳಗೆ ಒದ್ದೆಯಾಗೇ ಇತ್ತು. ಬೆಳಿಗ್ಗೆ ಹಾಕಿದ ನೀರು ಸಾಲದೆ ಬಾಡಿದ್ದಲ್ಲ ಇದು. ಬೇರು ಎಳೆದುಕೊಡುವುದಕ್ಕಿಂತ ಬೇಗ ಎಲೆಯಿಂದ ನೀರು ಆರಿಹೋಗುತ್ತಿದೆ. ಈಗ ಬುಡಕ್ಕೆ ಇನ್ನಷ್ಟು ಸುರಿದರೆ ಬೇರಿಗೆ ಗಾಳಿಯಾಡದೆ ಕಷ್ಟವಾಗುತ್ತದೆ, ಅಷ್ಟೆ.

ನನಗೆ ಹೆಚ್ಚು ಸಂಕಟವಾದದ್ದು ಗಿಡದ ಕೆಳಗೆ ಉದುರಿದ್ದ ಹೂಗಳನ್ನು ನೋಡಿ. ಒಂದೇ ಗಿಡದಡಿ ಹನ್ನೊಂದು. ಹಗಲಿನ ಬಿಸಿ 35 ಡಿಗ್ರಿ ದಾಟುತ್ತಾ ಹೋದರೆ ಟೊಮೇಟೊ ಹೂವಿನ ಪರಾಗ ಕೆಡುತ್ತದೆ, ಕಾಯಿ ಕಚ್ಚುವುದಿಲ್ಲ, ಹೂ ಉದುರುತ್ತದೆ. ಅದಕ್ಕೇ ಈ ವಾರ ಸಾಲಿನ ಮೇಲೆ ತುಂತುರು ನಾಜಲ್‌ಗಳಿರುವ ಸಣ್ಣ ಪೈಪು ಕಟ್ಟಿದ್ದೆ.

ನಲ್ಲಿ ತಿರುಗಿಸುವ ಮೊದಲು ಒಂದು ಪರೀಕ್ಷೆ ಮಾಡಿದೆ. ಇನ್ನೊಂದು ಥರ್ಮಾಮೀಟರಿನ ತುದಿಗೆ ಒದ್ದೆ ಹತ್ತಿಬಟ್ಟೆ ಸುತ್ತಿ ಸ್ವಲ್ಪ ಹೊತ್ತು ಗಾಳಿ ಬೀಸಿದೆ. ಅದು 24ಕ್ಕೆ ಇಳಿದು ನಿಂತಿತು. ಎಷ್ಟೇ ತುಂತುರು ಬಿಟ್ಟರೂ ಇವತ್ತಿನ ಗಾಳಿ ಇದಕ್ಕಿಂತ ತಣ್ಣಗಾಗುವುದಿಲ್ಲ. ಆದರೆ 38ಕ್ಕೂ 24ಕ್ಕೂ ನಡುವೆ 14 ಡಿಗ್ರಿ ಇದೆಯಲ್ಲ, ಅದರಲ್ಲಿ ಸ್ವಲ್ಪ ಪಾಲು ಸಿಕ್ಕರೂ ಸಾಕು. ಕಳೆದ ವಾರ ಮೋಡ ಕವಿದು ಸೆಕೆ ಇದ್ದ ದಿನ ಹೀಗೇ ನೋಡಿದಾಗ ಒಣ ತುದಿ 34, ಒದ್ದೆ ತುದಿ 30 ಇತ್ತು. ಅವತ್ತು ತುಂತುರು ಹಾಕಿದ್ದರೆ ಎಲೆ ಸುಮ್ನೆ ನೆನೆಯುತ್ತಿತ್ತು, ತಂಪಾಗುತ್ತಿರಲಿಲ್ಲ. ನೀರು ತಣ್ಣಗಿರುವುದಕ್ಕಿಂತ ಅದು ಆರುವುದರಲ್ಲೇ ತಂಪು ಇರುವುದು. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು. ಅದೇ ಲೀಟರನ್ನು 20 ಡಿಗ್ರಿಯಿಂದ ಕುದಿಯುವ ತನಕ ಕಾಯಿಸಲು ಬೇಕಾದ್ದರ ಏಳು ಪಟ್ಟು! ಅಷ್ಟನ್ನೂ ಎಲೆಯಿಂದ, ಸುತ್ತಲ ಗಾಳಿಯಿಂದಲೇ ಎಳೆದುಕೊಳ್ಳುತ್ತದೆ.

ಹನಿ ಸಣ್ಣದಾದಷ್ಟೂ ಬೇಗ ಆರುತ್ತದೆ. ದೊಡ್ಡ ಹಸಿರುಮನೆಗಳಲ್ಲಿ ಸುಮಾರು 70 ಬಾರ್ ಒತ್ತಡದ ಪಂಪು ಇಟ್ಟು ಹತ್ತಿಪ್ಪತ್ತು ಮೈಕ್ರಾನಿನ ಹನಿ ಮಾಡುತ್ತಾರೆ. ತಲೆಗೂದಲಿಗಿಂತ ಸಣ್ಣ ಹನಿ ಅದು, ಎಲೆ ಮುಟ್ಟುವ ಮೊದಲೇ ಮಾಯ. ನನ್ನದು ಬರೀ ನಲ್ಲಿಯ ಒತ್ತಡ, ಹನಿ ದಪ್ಪ, ಎಲೆ ಮೇಲೇ ಕೂರುತ್ತದೆ. ಆದ್ದರಿಂದ ಹತ್ತು ಸೆಕೆಂಡ್ ಬಿಟ್ಟು ನಿಲ್ಲಿಸಿದೆ. ಎಲೆ ಪೂರ್ತಿ ಆರಿದ ಮೇಲೆ ಮತ್ತೆ ಹತ್ತು ಸೆಕೆಂಡ್. ಬಿಡುವುದಕ್ಕಿಂತ ಕಾಯುವುದೇ ಜಾಸ್ತಿ. ಅರ್ಧ ಗಂಟೆಯ ನಂತರ ಗಿಡಗಳ ನಡುವೆ, ನೆನೆಯದಂತೆ ಮರೆಮಾಡಿ ಇಟ್ಟಿದ್ದ ಥರ್ಮಾಮೀಟರ್ 34 ತೋರಿಸಿತು. ಗಾಳಿ ಬೀಸಿದಾಗ ಮತ್ತೆ 36. ಬಯಲಲ್ಲಿ ತಂಪನ್ನು ಹಿಡಿದಿಡಲು ಆಗುವುದಿಲ್ಲ ಅಲ್ವಾ.

ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದ ಕೇಳಿದರು, “ಏನಮ್ಮಾ, ಉರಿಬಿಸಿಲಲ್ಲಿ ಎಲೆಗೆ ನೀರು ಹಾಕ್ತಿದ್ದೀಯಾ? ಸುಟ್ಟುಹೋಗಲ್ವಾ?”

ನಾನೂ ಎಷ್ಟೋ ವರ್ಷ ಹಾಗೇ ನಂಬಿದ್ದೆ. ಹನಿ ಭೂತಗನ್ನಡಿಯ ಹಾಗೆ ಬಿಸಿಲನ್ನು ಒಂದೆಡೆ ಸೇರಿಸುತ್ತದೆ ಅಂತ. 2010ರಲ್ಲಿ ಹಂಗೇರಿಯ ವಿಜ್ಞಾನಿಗಳು ಇದನ್ನು ಪರೀಕ್ಷಿಸಿ ಪ್ರಕಟಿಸಿದರು. ನುಣುಪಾದ ಎಲೆ ಹನಿಯಿಂದ ಸುಡುವುದಿಲ್ಲ. ಎಲೆಯ ರೋಮಗಳು ಹನಿಯನ್ನು ಮೇಲಕ್ಕೆ ಎತ್ತಿ ಹಿಡಿದರೆ ಮಾತ್ರ ಸುಡಬಹುದು. ಅಜ್ಜಿಗೆ ಹೇಳಿದೆ, ತಲೆಯಾಡಿಸಿದರು. ರೋಮ ದಟ್ಟವಾಗಿರುವ ಎಲೆಯ ಕುಂಡಗಳನ್ನು ಮಾತ್ರ ಆಚೆ ಸರಿಸಿಟ್ಟೆ. ನನಗೆ ನಿಜವಾದ ಚಿಂತೆ ಗಡಸು ನೀರಿನದು. ಆರಿದ ಕಡೆಯೆಲ್ಲ ಬಿಳಿ ಸುಣ್ಣದ ಕಲೆ ಬಿಡುತ್ತದೆ. ಉಪ್ಪು ಜಾಸ್ತಿ ಇರುವ ನೀರಂತೂ ಎಲೆಯಂಚನ್ನೇ ಕಮರಿಸುತ್ತದೆ.

ನಾಲ್ಕು ಗಂಟೆಗೆ ನಲ್ಲಿ ಮುಚ್ಚಿದೆ. ಹೋದ ವರ್ಷ ಸಂಜೆ ಆರರ ಮೇಲೂ ತುಂತುರು ಹಾಕುತ್ತಿದ್ದೆ. ಎಲೆ ರಾತ್ರಿಯಿಡೀ ಒದ್ದೆ ಉಳಿದು ಗುಲಾಬಿಗೆಲ್ಲ ಕಪ್ಪು ಚುಕ್ಕೆ ರೋಗ ಬಂತು. ಎಲೆ ಏಳೆಂಟು ಗಂಟೆ ಒದ್ದೆಯಾಗಿದ್ದರೆ ಆ ರೋಗ ತರುವ ಶಿಲೀಂಧ್ರಕ್ಕೆ ಸಾಕು. ಎರಡು ಗಿಡ ಬೋಳಾಗಿ ನಿಂತಿದ್ದು ಇವತ್ತಿಗೂ ಕಣ್ಣಲ್ಲಿದೆ.

ಐದೂವರೆಗೆ ಹೋಗಿ ನೋಡಿದಾಗ ಟೊಮೇಟೊ ಎಲೆಗಳು ಮತ್ತೆ ಎದ್ದಿದ್ದವು. ಬಿಸಿಲು ಇಳಿದದ್ದಕ್ಕೋ ತುಂತುರಿಗೋ ಹೇಳಲಾರೆ, ಪೈಪು ತಲುಪದ ಕೊನೆಯ ಗಿಡವೂ ಎದ್ದಿತ್ತು. ಹಾಗಾಗಿ ತುಂತುರು ಬೀಳುವ ಮೂರು ಹೂಗೊಂಚಲಿಗೆ ಕೆಂಪು ದಾರ, ಬೀಳದ ಮೂರಕ್ಕೆ ಬಿಳಿ ದಾರ ಕಟ್ಟಿ ಬಂದೆ. ಹತ್ತು ದಿನ ಬಿಟ್ಟು ಯಾವುದರಲ್ಲಿ ಎಷ್ಟು ಕಾಯಿ ಕಚ್ಚಿದೆ ಅಂತ ಎಣಿಸಬೇಕು.