ರೋಗ ಬಾರದ ವರ್ಷ

ನಾನು ಹಾಸನದ ಆಲೂಗಡ್ಡೆ ಬೆಳೆಗಾರನ ಮಗಳು. ಡಬ್ಲಿನ್‌ಗೆ ಬಂದು ನಾಲ್ಕು ವರ್ಷ ಆಯ್ತು. ಇಲ್ಲಿನವರ ಹತ್ತಿರ ಆಲೂಗಡ್ಡೆ ವಿಷಯ ಎತ್ತಿದರೆ ಸಾಕು, ಮಾತು ಸುತ್ತಿ ಬಳಸಿ 1847ಕ್ಕೆ ಹೋಗಿ ನಿಲ್ಲುತ್ತದೆ. ಆಲೂಗಡ್ಡೆಗೆ ರೋಗ ಬಂದು ಐರ್ಲೆಂಡಿನಲ್ಲಿ ಮಹಾಕ್ಷಾಮ ಬಿದ್ದಿದ್ದ ಕಾಲ ಅದು. ಆ ವರ್ಷಕ್ಕೆ ‘ಕಪ್ಪು ನಲವತ್ತೇಳು’ ಅಂತಲೇ ಹೆಸರು.

ರೋಗದ ಕಥೆ ನನಗೆ ಹೊಸದಲ್ಲ. ನಮ್ಮ ಕಡೆ ಅಂಗಮಾರಿ ಅಂತೀವಲ್ಲ, ಅದೇ. ಮೋಡ ಮುಚ್ಚಿ ನಾಲ್ಕು ದಿನ ಜಿಟಿಜಿಟಿ ಮಳೆ ಹಿಡಿದರೆ ಅಪ್ಪ ಬೆಳಗ್ಗೆ ಎದ್ದವರೇ ಹೊಲಕ್ಕೆ ಹೋಗಿ ಎಲೆ ಮಗುಚಿ ನೋಡುತ್ತಿದ್ದರು. ಅಡಿಯಲ್ಲಿ ಬೆಳ್ಳಗೆ ಬೂಜು ಕಂಡರೆ ಆವತ್ತೇ ಔಷಧಿ ಹೊಡೆಯಬೇಕು. ಐರ್ಲೆಂಡಿಗೆ ಇದು ಕಾಲಿಟ್ಟಿದ್ದು 1845ರಲ್ಲಿ. 1846ರಲ್ಲಿ ಹೆಚ್ಚುಕಮ್ಮಿ ಇಡೀ ಬೆಳೆ ಕೊಳೆತು ಹೋಯಿತು. ಹೊಡೆಯೋಕೆ ಔಷಧಿ ಎಲ್ಲಿತ್ತು ಆಗ?

1847ರಲ್ಲೂ ಹಾಗೇ ಆಗಿರಬೇಕು ಅಂದುಕೊಂಡಿದ್ದೆ. ಇಲ್ಲ. ಆ ವರ್ಷ ರೋಗ ಅಷ್ಟಾಗಿ ಕಾಡಲೇ ಇಲ್ಲ. ಕಿತ್ತ ಗಡ್ಡೆ ಚೆನ್ನಾಗೇ ಇತ್ತು. ಆದರೆ ಹಾಕಿದ್ದೇ ಕಮ್ಮಿ. ರೋಗಕ್ಕೆ ಮುಂಚೆ ಸುಮಾರು 20 ಲಕ್ಷ ಎಕರೆಯಲ್ಲಿ ಬೆಳೆಯುತ್ತಿದ್ದರು, ಆ ವರ್ಷ 3 ಲಕ್ಷ ಎಕರೆಯೂ ಆಗಲಿಲ್ಲ. ಎಷ್ಟೋ ಮನೆಗಳಲ್ಲಿ ಬಿತ್ತನೆಗೆ ಇಟ್ಟ ಗಡ್ಡೆಯನ್ನೇ ತಿಂದು ಮುಗಿಸಿದ್ದರು.

ಫೋನಿನಲ್ಲಿ ಇದನ್ನು ಹೇಳಿದಾಗ ಅಪ್ಪ, “ಬಿತ್ತನೆ ಗಡ್ಡೇನೇ ತಿಂದ್ಬುಟ್ರಾ ಮಗಾ?” ಅಂದರು. ನಮ್ಮನೆಯಲ್ಲಿ ಜಲಂಧರ್‌ನಿಂದ ಬಂದ ಬೀಜದ ಮೂಟೆಗಳನ್ನು ಪಡಸಾಲೆಯಲ್ಲಿ ಜೋಡಿಸಿರುತ್ತಿದ್ದರು. ಒಮ್ಮೆ ನಾನೂ ತಮ್ಮನೂ ಎರಡು ಗಡ್ಡೆ ಕದ್ದು ಒಲೆಯ ಕೆಂಡದಲ್ಲಿ ಸುಟ್ಟಿದ್ದೆವು. ಅಜ್ಜಿ ಸೌದೆ ಹಿಡಿದು ಅಟ್ಟಿಸಿಕೊಂಡು ಬಂದಿದ್ದರು. ಬೇರೆ ಏನು ಕದ್ದಿದ್ದರೂ ಬೈಗುಳದಲ್ಲೇ ಮುಗಿಯುತ್ತಿತ್ತು.

1847ರ ಮಾರ್ಚ್‌ನಲ್ಲಿ 7 ಲಕ್ಷಕ್ಕೂ ಜಾಸ್ತಿ ಜನ ಸರ್ಕಾರದ ಕಾಮಗಾರಿಯಲ್ಲಿದ್ದರು. ಕಲ್ಲು ಒಡೆಯೋದು, ರಸ್ತೆ ಮಾಡೋದು. ಹೊಟ್ಟೆಗಿಲ್ಲದವರಿಗೆ ಕಲ್ಲು ಒಡೆಯೋ ಕೆಲಸ! ಆಗ ಐರ್ಲೆಂಡೂ ಬ್ರಿಟಿಷರ ಕೈಯಲ್ಲಿತ್ತು; ಇದೆಲ್ಲದರ ಹಣದ ಕೀಲಿಕೈ ಲಂಡನ್ ಖಜಾನೆಯ ಚಾರ್ಲ್ಸ್ ಟ್ರೆವೆಲಿಯನ್ ಕೈಯಲ್ಲಿತ್ತು. ಮುಂದೆ 1859ರಲ್ಲಿ ಈತನೇ ಮದ್ರಾಸಿನ ಗವರ್ನರ್ ಆಗಿ ಬಂದ. ಅಂದರೆ ಸ್ವಲ್ಪ ದಿನ ನಮ್ಮ ಬಳ್ಳಾರಿಯವರಿಗೂ ಇವನೇ ದೊರೆ.

ಆಮೇಲೆ ಕಾಮಗಾರಿ ನಿಲ್ಲಿಸಿ ಗಂಜಿ ಕೇಂದ್ರ ತೆರೆದರು. ನಾನು ದಿನಾ ಟ್ರಾಮ್‌ನಲ್ಲಿ ದಾಟುವ ಕಾಲಿನ್ಸ್ ಬ್ಯಾರಕ್ಸ್ ಈಗ ಮ್ಯೂಸಿಯಂ. ಅದರ ಮುಂದಿನ ಬಯಲಲ್ಲೇ ಏಪ್ರಿಲ್ 5ರಂದು ಲಂಡನ್‌ನ ಹೆಸರಾಂತ ಬಾಣಸಿಗ ಅಲೆಕ್ಸಿಸ್ ಸೋಯೆ ತನ್ನ ಸೂಪಿನ ಅಡುಗೆಮನೆ ಶುರು ಮಾಡಿದ್ದು. ಗಂಟೆ ಬಾರಿಸಿದರೆ 100 ಜನ ಒಳಗೆ. ಉದ್ದನೆಯ ಮೇಜುಗಳಲ್ಲಿ ತೂತು ಕೊರೆದು ಬಟ್ಟಲು ಕೂರಿಸಿದ್ದರು. ಚಮಚಕ್ಕೆ ಸರಪಳಿ. ಕುಡಿದು ಮುಗಿಸಿ ಎದ್ದರೆ ಮತ್ತೆ ಗಂಟೆ, ಮತ್ತೆ 100 ಜನ. ಅವನ ಒಂದು ಸೂಪಿಗೆ 9 ಲೀಟರ್ ನೀರಿಗೆ ನೂರು ಗ್ರಾಂ ಚಿಲ್ಲರೆ ಮಾಂಸ. ನಮ್ಮನೆ ಬಸ್ಸಾರೇ ಗಟ್ಟಿ ಅಲ್ವಾ? ಆದರೂ ನಗೋಕೆ ಮನಸ್ಸು ಬರಲ್ಲ. ಜುಲೈನಲ್ಲಿ ದೇಶದ ತುಂಬ ದಿನಕ್ಕೆ 30 ಲಕ್ಷ ಜನರ ಹೊಟ್ಟೆಗೆ ಬಿದ್ದಿದ್ದು ಇಂಥ ಗಂಜಿಯೇ. ಶರತ್ಕಾಲದ ಹೊತ್ತಿಗೆ ಅದನ್ನೂ ಮುಚ್ಚಿದರು.

ಅಪ್ಪನಿಗೆ ಸಿಟ್ಟು ಬಂದಿದ್ದು ಆ ಜೂನ್‌ನ ಕಾನೂನು ಕೇಳಿ. ಕಾಲು ಎಕರೆಗಿಂತ ಜಾಸ್ತಿ ನೆಲ ಇಟ್ಟುಕೊಂಡವನಿಗೆ ಸರ್ಕಾರದ ನೆರವು ಇಲ್ಲ. ನೆಲ ಬಿಟ್ಟುಕೊಟ್ಟು ಬಂದರೆ ಊಟ. “ಹತ್ತೇ ಗುಂಟೆಯಾ?” ಅಂತ ಎರಡು ಸಲ ಕೇಳಿದರು. ಎಷ್ಟೋ ಜನ ಗುಡಿಸಲು ಬಿಟ್ಟು ಹಡಗು ಹತ್ತಿದರು. ಆ ಬೇಸಿಗೆಯಲ್ಲಿ ಕೆನಡಾದ ಗ್ರೋಸ್ ಈಲ್ ದ್ವೀಪವೊಂದರಲ್ಲೇ ಜ್ವರದಿಂದ ಸತ್ತ 5 ಸಾವಿರಕ್ಕೂ ಹೆಚ್ಚು ಜನರನ್ನು ಹೂತರು.

“ಮುಂದಿನ್ ವರ್ಷ ಹಾಕುದ್ರಾ?” ಅಂದರು ಅಪ್ಪ.

ಹಾಕಿದರು. 47ರ ಬೆಳೆ ಚೆನ್ನಾಗಿ ಬಂತಲ್ಲ ಅನ್ನೋ ಧೈರ್ಯದ ಮೇಲೆ, ಇದ್ದಬದ್ದದ್ದನ್ನು ಮಾರಿ ಬೀಜ ತಂದು 1848ರಲ್ಲಿ ಜಾಸ್ತಿ ನೆಲಕ್ಕೆ ಹಾಕಿದರು. ಆ ಬೇಸಿಗೆ ಮಳೆ ಹಿಡಿಯಿತು.

“ಎಲೆ ಹೋಯ್ತಾ?”

“ಹೋಯ್ತಪ್ಪ.”

ಅಪ್ಪ ಏನೂ ಅನ್ನಲಿಲ್ಲ. ಮೂರು ವರ್ಷದ ಹಿಂದೆಯೇ ಆಲೂಗಡ್ಡೆ ಬಿಟ್ಟು ಮುಸುಕಿನ ಜೋಳಕ್ಕೆ ಇಳಿದವರು ಅವರು. ಸ್ವಲ್ಪ ಹೊತ್ತಾದ ಮೇಲೆ, “ಅಲ್ಲಿ ಈಗ ಮಳೆ ಐತಾ?” ಅಂತ ಕೇಳಿದರು.